ಕೆಳಮನೆಯ ಬ್ಯಾಂಡ್‌ಸೆಟ್ಟು

ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಮೈಕಿನ ಮುಂದೆ ಕೂತವಳು ನಾನು, ಕಸ್ತೂರಿ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ದಾರಿಯಲ್ಲಿ ಕೆಟ್ಟು ಕೂತಿದೆ ಎಂದು ದಿನಕ್ಕೆ ಮುನ್ನೂರು ಸಲ ಕೂಗುವುದು ನನ್ನ ಕೆಲಸ. ನನ್ನ ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ. ಸಂತೆಯಲ್ಲಿ ನಾನು ಬದನೆಕಾಯಿ ಹೇಗೆ ಎಂದು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿ ನಿಂತವರು ಗಾಬರಿಯಾಗಿ ಚೀಲ ಎತ್ತಿಕೊಂಡು ಬಸ್ಸು ಎಲ್ಲಿ ಎಂದು ಆಚೀಚೆ ನೋಡುತ್ತಿದ್ದರು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ದೇವರು ಕೊಟ್ಟದ್ದು ದನಿ ಒಂದೇ. ಆ ದನಿಯಿಂದ ದುಡಿದು ಕಟ್ಟಿಸಿದ್ದು ಮನೆ ಒಂದೇ.

ಈ ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವ ಕಾಲ ನನಗೂ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ಊರಿನ ಬೇರೆ ಮಾಲೀಕರಿಗೆ ಆಗಲೇ ಬಂದಿತ್ತು. ನಮ್ಮೂರಿನಲ್ಲಿ ಬಾಡಿಗೆಗೆ ಇದ್ದವರಿಗೆ “ಮನೆ ಖಾಲಿ ಮಾಡಿ” ಎನ್ನುವಂತಿಲ್ಲ. ಅಂದರೆ ದಂಡವಿಲ್ಲ, ಜೈಲಿಲ್ಲ. ಅಂದವರ ದನಿ ಹೋಗುತ್ತದೆ. ಒಂದು ವರ್ಷದ ಮಟ್ಟಿಗೆ. ಚೀಟಿ ಬರೆದು ಕೊಟ್ಟರೂ ಅಷ್ಟೇ, ಇನ್ನೊಬ್ಬರ ಬಾಯಲ್ಲಿ ಹೇಳಿಸಿದರೆ ಆ ಇನ್ನೊಬ್ಬರ ದನಿ ಹೋಗುತ್ತದೆ. ಇಡೀ ಮನೆ ಬೇಡ, ಒಂದು ಕೋಣೆ ಬಿಟ್ಟುಕೊಡಿ ಎಂದರೂ ರಿಯಾಯಿತಿ ಇಲ್ಲ. ಕೆರೆ ಒಡೆದ ವರ್ಷ ಇದು ಶುರುವಾದದ್ದು. ಅರ್ಧ ಊರು ಕೊಚ್ಚಿಹೋಗಿತ್ತು. ಉಳಿದ ಮನೆಗಳ ಮಾಲೀಕರು ಬಾಡಿಗೆ ಏರಿಸಿ, ಕೊಡಲಾಗದವರ ಪಾತ್ರೆಪಗಡ ಬೀದಿಗೆ ಎಸೆಯತೊಡಗಿದ್ದರು. ಪುರಸಭೆಯವರು ಕೂತು ಠರಾವು ಮಾಡಿದರು: ಆರು ತಿಂಗಳು ಯಾರೂ ಯಾರನ್ನೂ ಮನೆ ಬಿಡಿಸಕೂಡದು. ಅಂದೇ ಸಂಜೆ ಮೊದಲ ದನಿ ಹೋಯಿತು. ಆರು ತಿಂಗಳಾದ ಮೇಲೆ ಠರಾವು ಹಿಂತೆಗೆದುಕೊಳ್ಳೋಣವೆಂದು ಒಬ್ಬ ಸದಸ್ಯರು ಎದ್ದು ನಿಂತು, “ಇನ್ನು ಮುಂದೆ ಮನೆ ಖಾಲಿ” ಎನ್ನುವಷ್ಟರಲ್ಲಿ ಅವರ ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡನೆಯವರು ಕಾಗದ ಕಿತ್ತುಕೊಂಡು ಓದಲು ಹೋಗಿ ಅವರದೂ ಹೋಯಿತು. ಮೂರನೆಯವರದೂ ಹೋಯಿತು. ನಾಲ್ಕನೆಯವರು ಎಲ್ಲರಿಗೂ ಚಹಾ ತರಿಸಿದರು. ಇದೆಲ್ಲ ಆಗಿ ಹನ್ನೊಂದು ವರ್ಷ. ಆ ಆರು ತಿಂಗಳು ಇನ್ನೂ ಮುಗಿದಿಲ್ಲ.

ನಮ್ಮವರು ಹೊಂದಿಕೊಂಡರು. ಸುತ್ತಿ ಬಳಸಿ ಹೇಳಿದರೆ ದನಿಗೆ ಏನೂ ಆಗುವುದಿಲ್ಲ ಎಂದು ಬೇಗ ಗೊತ್ತಾಯಿತು. ಹಬ್ಬಕ್ಕೆ ಬಾಡಿಗೆದಾರರಿಗೆ ಟ್ರಂಕು ಉಡುಗೊರೆ ಕೊಡುವುದು ರೂಢಿಯಾಯಿತು. ಪಕ್ಕದ ಬೀದಿಯ ರೇವಡಿ ಮಾಸ್ತರರು ತಮ್ಮ ಮನೆಯಲ್ಲಿದ್ದವರಿಗೆ ವರ್ಷಕ್ಕೊಂದರಂತೆ ಆರು ಟ್ರಂಕು ಕೊಟ್ಟರು. ಬಾಡಿಗೆಯವರು ಆರನ್ನೂ ಜೋಡಿಸಿ ಮೇಲೆ ಹಾಸಿಗೆ ಹಾಕಿ ಮಲಗಿದರು. ಊರಿನ ದೊಡ್ಡ ಮಾಲೀಕರಾದ ಚನ್ನಮಲ್ಲ ಸಾಹುಕಾರರಿಗೆ ಮಾತ್ರ ಠರಾವಿನಿಂದ ಕೂದಲೂ ಕೊಂಕಲಿಲ್ಲ. ನಲವತ್ತು ಮನೆಗಳ ಧಣಿ. ಅವರು ಬಡವರನ್ನು ಹಿಡಿದು ಕೂಲಿ ಕೊಟ್ಟು ಆ ಮಾತು ಆಡಿಸುತ್ತಿದ್ದರು. ಮಾತು ಆಡಿದವನು ಮೂಕನಾಗಿ ಒಂದು ಕಡೆ ಹೋದರೆ, ಇನ್ನೊಂದು ಕಡೆಯಿಂದ ಸಾಹುಕಾರರ ನಾಲ್ಕು ಪೈಲ್ವಾನರು ಬಂದು ಮಂಚ ಹೊರಗಿಡುತ್ತಿದ್ದರು. ಪೈಲ್ವಾನರು ಮಾತಾಡುತ್ತಿರಲಿಲ್ಲ, ಹಾಗಾಗಿ ಅವರಿಗೂ ಏನೂ ಆಗುತ್ತಿರಲಿಲ್ಲ. ಒಂದೇ ಮನೆ ಇದ್ದ ನನ್ನಂಥವರು ಮಾತ್ರ ಬಾಯಿ ಮುಚ್ಚಿಕೊಂಡು ಉಳಿದೆವು, ದನಿ ಇದ್ದೂ.

ನನ್ನ ಮನೆ ಎಂದರೆ ಕೆಳಗೆ ಮೂರು ಕೋಣೆ, ಹಿಂದೆ ಹಿತ್ತಲು. ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಬೀದಿ ಕಡೆಗೆ ಬಾಲ್ಕನಿ. ಒಂಟಿ ಹೆಂಗಸಿಗೆ ಮೇಲಿನದು ಸಾಕು ಎಂದು ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದೆ. ಮೇಲೆ ಹೋಗಲು ಹೊರಗಿನಿಂದ ಸುತ್ತುಸುತ್ತಾದ ಕಬ್ಬಿಣದ ಮೆಟ್ಟಿಲು. ಜಾಗ ಉಳಿಯಲಿ ಎಂದು ನಾನೇ ಹೇಳಿ ಹಾಕಿಸಿದ್ದು. ಅದರ ಮೇಲೆ ಒಬ್ಬರು ಒಂದು ಕೊಡ ಹಿಡಿದು ಹತ್ತಬಹುದು. ಎರಡು ಕೊಡ ಆದರೆ ಒಂದು ಕೆಳಗೆ ಬೀಳುತ್ತದೆ.

ಕೆಳಗಿದ್ದವನು ಪಂಪಣ್ಣ. ‘ಶ್ರೀ ಗಜಾನನ ಬ್ರಾಸ್ ಬ್ಯಾಂಡ್’ ಇವನದೇ. ಕೆರೆ ಒಡೆದಾಗ ಹೆಂಡತಿ ನೀಲಗಂಗವ್ವ, ನಾಲ್ಕು ಮಕ್ಕಳು, ಒಂದು ಕ್ಲಾರಿನೆಟ್ಟು, ಒಂದು ದೊಡ್ಡ ಡ್ರಮ್ಮು ಉಳಿಸಿಕೊಂಡು ಎದೆಮಟ್ಟದ ನೀರಿನಲ್ಲಿ ಬಂದಿದ್ದ. ಡ್ರಮ್ಮಿನೊಳಗೆ ಕಿರಿಯ ಮಗು ಕೂತಿತ್ತು. ಅದನ್ನು ನೋಡಿ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಒಳ್ಳೆಯ ಮನುಷ್ಯ. ಬಾಡಿಗೆ ಒಂದನೇ ತಾರೀಖಿಗೆ ಎಲೆ ಅಡಿಕೆ ಸಮೇತ ತಂದುಕೊಡುತ್ತಿದ್ದ. ಅವನ ಮೇಲೆ ಒಂದು ದೂರೂ ಸಿಗದಿರುವುದೇ ನನಗೆ ಸಂಕಟ. ಬ್ಯಾಂಡು ಬಾರಿಸುತ್ತಾನೆ ಎನ್ನಬಹುದು. ಆದರೆ ಬ್ಯಾಂಡಿನವನಿಗೆ ಮನೆ ಕೊಟ್ಟು ಬಾರಿಸಬೇಡ ಎನ್ನುವುದು ಹೇಗೆ?

ಮೂರು ವರ್ಷದ ಹಿಂದೆ ನನ್ನ ಅಕ್ಕ ದಾನಮ್ಮ ಗಂಡ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದಳು. ನನ್ನದು ಮೈಕಿನ ದನಿಯಾದರೆ ಅಕ್ಕನದು ಮೈಕು ಬೇಡದ ದನಿ. ಬೆಳಗ್ಗೆ ಎದ್ದು ಕೈಚೀಲ ಹಿಡಿದು ಕಾಯಿಪಲ್ಯೆ ಮಾರುವವರ ಹತ್ತಿರ ಜಗಳಕ್ಕೆ ಹೋಗುವುದು ಅವಳ ಸುಖ. ಒಂದು ಕಟ್ಟು ಮೆಂತ್ಯೆಸೊಪ್ಪಿಗೆ ಮುಕ್ಕಾಲು ಗಂಟೆ. ಹೀಗಿದ್ದವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ದವಾಖಾನೆಯಲ್ಲಿ ರಾಡು ಹಾಕಿ ಕಳಿಸಿದರು. ಐದು ಜನ ಅವಳನ್ನು ಕುರ್ಚಿಗೆ ಕಟ್ಟಿ ಆ ಮೆಟ್ಟಿಲ ಮೇಲೆ ಏರಿಸಿದರು. ಅವರಲ್ಲಿ ಇಬ್ಬರು ಆಮೇಲೆ ನಮ್ಮ ಬೀದಿಗೇ ಬರಲಿಲ್ಲ. ಸಪಾಟಾದ ನೆಲದ ಮೇಲೆ ಕೋಲು ಹಿಡಿದು ಓಡಾಡಬಹುದು, ಮೆಟ್ಟಿಲು ಮಾತ್ರ ಬೇಡವೇ ಬೇಡ ಎಂದರು ಡಾಕ್ಟರು. ಅಲ್ಲಿಂದ ಹದಿನಾಲ್ಕು ತಿಂಗಳು ಅಕ್ಕನ ಕಾಲು ನೆಲ ಮುಟ್ಟಲಿಲ್ಲ. ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, ಮೇಲಿನಿಂದಲೇ ಸೊಪ್ಪಿನವಳ ಜೊತೆ ಜಗಳವಾಡುತ್ತಿದ್ದಳು. ಆದರೆ ಬುಟ್ಟಿಯೊಳಗೆ ಏನು ಬಂತು ಎಂದು ಮೂಸಿ ನೋಡುವ ಹೊತ್ತಿಗೆ ಸೊಪ್ಪಿನವಳು ಮುಂದಿನ ಓಣಿಗೆ ಹೋಗಿರುತ್ತಿದ್ದಳು. ಸೋತ ಜಗಳ. ಅಕ್ಕ ಬಡವಾದಳು.

ನನಗೆ ಕೆಳಗಿನ ಮನೆ ಬೇಕಿತ್ತು. ನನ್ನದೇ ಮನೆ. ನಾನು ಸುಳಿವು ಕೊಡಲು ಹೊರಟೆ. ಟ್ರಂಕು ಕೊಟ್ಟೆ, ಪಂಪಣ್ಣ ಅದರಲ್ಲಿ ಬ್ಯಾಂಡಿನ ಕೆಂಪು ಅಂಗಿಗಳನ್ನಿಟ್ಟ. “ಅಕ್ಕನಿಗೆ ಹಿತ್ತಲು ನೋಡುವ ಆಸೆ” ಎಂದೆ. ನೀಲಗಂಗವ್ವ ಹಿತ್ತಲಿನ ದುಂಡುಮಲ್ಲಿಗೆ ಬಿಡಿಸಿ ಬುಟ್ಟಿಗೆ ಹಾಕಿ ಮೇಲೆ ಕಳಿಸಿದಳು. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಅವನು ದೂರದ ಮದುವೆಗೆ ಹೊರಟು ನಿಂತದ್ದು ನೋಡಿ ಮೈಕಿನಲ್ಲೇ, “ಶ್ರೀ ಗಜಾನನ ಬ್ಯಾಂಡಿನವರ ಗಮನಕ್ಕೆ, ಸಾಮಾನು ಸರಂಜಾಮು ಸಮೇತ ಹೋಗುವವರಿಗೆ ಹಿಂದಿನ ಸೀಟು ಖಾಲಿ ಇದೆ” ಎಂದೆ. ‘ಖಾಲಿ’ ಎಂದ ಮೇಲೆ ಮೈಕು ಮುಚ್ಚಿ ಕೆಮ್ಮಿ ನೋಡಿಕೊಂಡೆ. ಏನೂ ಆಗಲಿಲ್ಲ. ಪಂಪಣ್ಣ ಕಿಟಕಿಯ ಹತ್ತಿರ ಬಂದು ಕೈಮುಗಿದ. “ಏನ್ ದನಿರೀ ಅಕ್ಕಾರ ನಿಮ್ದು! ನಮ್ಮ ಹೆಸರು ನಿಮ್ಮ ಬಾಯಾಗ ಕೇಳಿ ಹುಡುಗ್ರೆಲ್ಲ ಖುಷಿ ಆದ್ರು ನೋಡ್ರಿ” ಎಂದು ಹಿಂದಿನ ಸೀಟಿಗೆ ಹೋಗಿ ಕೂತ.

ಮೂಕನಾಗಲು ಕೂಲಿಗೆ ಸಿಗುವವರು ಬಡಗಿ ಓಣಿಯ ಕೊನೆಯಲ್ಲಿ ಇರುತ್ತಾರೆ ಎಂದು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಮೌಲಾಸಾಬರು ಹೇಳಿದರು. ಒಂದು ಭಾನುವಾರ ಅಲ್ಲಿಗೆ ಹೋದೆ. ದುರಗಪ್ಪ ಎನ್ನುವವನ ಮನೆ. ಎರಡು ಸಲ ಸಾಹುಕಾರರಿಗಾಗಿ ಮಾತು ಆಡಿ ಎರಡು ವರ್ಷ ಮೂಕನಾಗಿದ್ದವನು. ಎರಡನೆಯ ವರ್ಷ ಮುಗಿದು ಮೂರೇ ದಿನವಾಗಿತ್ತು. ಜಗಲಿಯ ಮೇಲೆ ಕೂತು ಮೂರು ದಿನದಿಂದ ಬಿಡದೆ ಮಾತಾಡುತ್ತಿದ್ದನಂತೆ. ನಾನು ಹೋದಾಗ ಆಡುಗಳನ್ನು ಹೆಸರು ಹಿಡಿದು ಒಂದೊಂದಾಗಿ ಕರೆಯುತ್ತಿದ್ದ. ಅವು ಬಂದರೆ ಹೋಗು ಎನ್ನುತ್ತಿದ್ದ, ಹೋದರೆ ಮತ್ತೆ ಕರೆಯುತ್ತಿದ್ದ. ಅವನ ಹೆಂಡತಿ ಒಳಗಿನಿಂದ, “ಸಾಕು ಮಾಡ, ಆಡಿಗೆ ತಲಿ ಚಿಟ್ಟ ಹಿಡೀತು” ಎಂದಳು. ಅವಳು ನಗುತ್ತಿದ್ದಳು. “ಏನ್ರೀ, ಯಾರು ಬೇಕಾಗಿತ್ತು?” ಎಂದ ದುರಗಪ್ಪ. ನನ್ನ ದನಿ ಕೇಳಿದರೆ ಗುರುತು ಹಿಡಿಯುತ್ತಾನೆ ಎಂದು ಮೆಲ್ಲಗೆ, “ಒಂದು ಮಾತು” ಎಂದೆ. ಆ ಎರಡು ಪದ ಕೇಳಿದ್ದೇ ತಡ ಅವನ ಮುಖ ಸಣ್ಣದಾಯಿತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ನಗು ಇರಲಿಲ್ಲ. ಹೀಗೆ ಭಾನುವಾರ ಶುಭ್ರ ಬಟ್ಟೆ ಉಟ್ಟು ಬಂದವರು ಏನು ಕೇಳಲು ಬರುತ್ತಾರೆ ಎಂದು ಆ ಮನೆಗೆ ಗೊತ್ತಿತ್ತು. “ಆಡಿನ ಹಾಲು ಸಿಗುತ್ತದೇನು ಎಂದು ಕೇಳಲು ಬಂದೆ” ಎಂದುಬಿಟ್ಟೆ. ಅರ್ಧ ಲೀಟರ್ ಆಡಿನ ಹಾಲು ತಗೊಂಡು ಮನೆಗೆ ಬಂದೆ. ಅಕ್ಕ ಅದನ್ನು ಮೂಸಿ ನೋಡಿ, “ಇದನ್ನ ಯಾವ ಹುಚ್ಚಿ ತಂದಾಳ?” ಎಂದಳು.

ಅದೇ ತಿಂಗಳು, ಒಂದು ಗುರುವಾರ, ನಾನು ಡ್ಯೂಟಿಗೆ ಹೋದ ಮೇಲೆ ಅಕ್ಕ ತಾನೇ ಇಳಿಯುವುದೆಂದು ಮನಸ್ಸು ಮಾಡಿದಳು. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜಾರುತ್ತ ಇಳಿದರೆ ಡಾಕ್ಟರು ಹೇಳಿದ ಮೆಟ್ಟಿಲು ಇಳಿಯುವುದು ಅದಲ್ಲ ಎಂದು ಅವಳ ಲೆಕ್ಕ. ಆರು ಮೆಟ್ಟಿಲು ಜಾರಿದಳು. ಏಳನೆಯದರಲ್ಲಿ ಮೆಟ್ಟಿಲು ತಿರುಗುತ್ತದೆ, ರಾಡು ಹಾಕಿದ ಕಾಲು ತಿರುಗಲಿಲ್ಲ. ಕಂಬಿಯ ನಡುವೆ ಕಾಲು ಸಿಕ್ಕಿತು. ಮೇಲೂ ಹೋಗಲಾರಳು, ಕೆಳಗೂ ಬರಲಾರಳು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ಕೆಂಡದಂತೆ ಕಾದ ಕಬ್ಬಿಣ. ಅಕ್ಕ ಕೂಗಿದಳು. ಕೆಳಗೆ ಪಂಪಣ್ಣ, ಬೀದಿಯವರಿಗೆ ತೊಂದರೆಯಾಗದಿರಲಿ ಎಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು, ಮದುವೆ ಸೀಸನ್ನಿಗೆ ಹೊಸ ಹಾಡು ಕೂಡಿಸುತ್ತಿದ್ದ. ಹನ್ನೆರಡು ಜನ. ಡ್ರಮ್ಮಿನ ಮುಂದೆ ಅಕ್ಕನ ದನಿಯ ಆಟ ನಡೆಯಲಿಲ್ಲ. ಬೀದಿಯವರಿಗೆ ಕೇಳಿಸಿತ್ತು. ದಿನದ ಹಾಗೆ ಸೊಪ್ಪಿನವಳಿಗೆ ಬಯ್ಯುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಮಗ್ಗುಲು ಬದಲಿಸಿ ಮಲಗಿದರು.

ಆರು ಗಂಟೆಗೆ ನಾನು ಬಂದಾಗ ಅಕ್ಕ ಕೂಗುವುದನ್ನು ನಿಲ್ಲಿಸಿದ್ದಳು. ಹುಟ್ಟಿದಾಗಿನಿಂದ ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತುಟಿ ಒಣಗಿ ಬಿರಿದಿತ್ತು, ಸೀರೆ ಒದ್ದೆಯಾಗಿತ್ತು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡಳು. ಒಳಗೆ ಬ್ಯಾಂಡು ಬಾರಿಸುತ್ತಲೇ ಇತ್ತು.

ನಾನು ಬಾಗಿಲು ಬಡಿಯಲಿಲ್ಲ, ಒದ್ದೆ. ಬ್ಯಾಂಡು ನಿಂತಿತು. ಪಂಪಣ್ಣ ಕ್ಲಾರಿನೆಟ್ ಹಿಡಿದು ಬಂದು ಬಾಗಿಲು ತೆರೆದ. “ಏನ್ರೀ ಅಕ್ಕಾರ?” ಎಂದ. ನಾನು ಹತ್ತೊಂಬತ್ತು ವರ್ಷ ಕಲಿತ ದನಿಯಲ್ಲಿ, ಒಂದೊಂದು ಅಕ್ಷರವೂ ನಾಲ್ಕು ಪ್ಲಾಟ್‌ಫಾರಂ ದಾಟಿ ಕೇಳುವ ಹಾಗೆ ಹೇಳಿದೆ: “ಮನೆ ಖಾಲಿ ಮಾಡಿ.”

ದನಿ ಹೋಗುವುದು ನೋವಲ್ಲ. ಬಾವಿಯಿಂದ ಕೊಡ ಎಳೆಯುವಾಗ ಹಗ್ಗ ಕಡಿದು ಕೈ ಹಗುರಾಗುತ್ತದಲ್ಲ, ಹಾಗಾಯಿತು ಗಂಟಲಿಗೆ. ಇನ್ನೂ ಹೇಳುವುದಿತ್ತು. ಅಕ್ಕನ ಕಾಲು, ಬಿಸಿಲು, ನಾಲ್ಕು ತಾಸು, ಎಲ್ಲ ಬಾಯಿಯವರೆಗೆ ಬಂದು ಗಾಳಿಯಾಗಿ ಹೋದವು. ನಾನು ಕೈ ತೋರಿಸಿದೆ. ಪಂಪಣ್ಣ ಮೆಟ್ಟಿಲ ಕಡೆ ನೋಡಿದ, ಕ್ಲಾರಿನೆಟ್ ಎಸೆದು ಓಡಿದ. ಅವನೂ ಡ್ರಮ್ಮಿನ ಯಮನೂರಿಯೂ ಕಂಬಿ ಬಗ್ಗಿಸಿ ಕಾಲು ಬಿಡಿಸಿ ಅಕ್ಕನನ್ನು ಮೇಲೆತ್ತಿ ಮಲಗಿಸಿದರು. ನೀಲಗಂಗವ್ವ ನೀರು ಕುಡಿಸಿ, ಸೀರೆ ಬದಲಿಸಿದಳು. ಎಲ್ಲ ಮುಗಿದ ಮೇಲೆ ಪಂಪಣ್ಣ ಬಾಲ್ಕನಿಯಲ್ಲಿ ನನ್ನೆದುರು ನಿಂತ.

“ಅಕ್ಕಾರ, ನೀವು ಅನಬಾರದಾಗಿತ್ತು,” ಎಂದ. “ನಾ ಎಲ್ಲಿ ಹೋಗ್ಲಿ ಹೇಳ್ರಿ. ದಾನಮ್ಮಾರು ಬಿದ್ದಾಗಿಂದ ಮನಿ ಹುಡುಕಾಕ ಹತ್ತೀನಿ. ಟ್ರಂಕು ಕೊಟ್ರಲ್ಲ, ತಿಳೀಲಿಲ್ಲ ಅನ್ಕೊಂಡ್ರೇನು? ಈ ಊರಾಗ ಬಾಡಿಗಿಗೆ ಅಂತ ಒಂದು ಬೋರ್ಡ್ ಕಂಡೀರೇನು ನೀವು? ಒಮ್ಮೆ ಕೊಟ್ರ ಹೊಳ್ಳಿ ಬರೂದಿಲ್ಲ ಅಂತ ಎಲ್ಲಾರೂ ಕೀಲಿ ಜಡಿದು ಇಟ್ಕೊಂಡಾರ. ಪಡ್ಡೆ ಓಣ್ಯಾಗ ಹನ್ನೊಂದು ಮನಿ ಖಾಲಿ ಬಿದ್ದಾವ, ಬಾವಲಿ ಬಾಳೇವು ಮಾಡ್ತಾವ. ನಾ ಕೈ ಮುಗಿದು ಕೇಳೀನಿ. ಕೊಡವಲ್ರು.”

ನನಗೆ ಉತ್ತರ ಕೊಡಲು ದನಿ ಇರಲಿಲ್ಲ. ಇದ್ದರೂ ಏನು ಹೇಳುತ್ತಿದ್ದೆ? ಕೆಳಗಿನ ಮನೆ ಒಮ್ಮೆ ಕೈಗೆ ಬರಲಿ, ಜನ್ಮದಲ್ಲಿ ಮತ್ತೆ ಬಾಡಿಗೆಗೆ ಕೊಡುವುದಿಲ್ಲ ಎಂದು ನಾನೇ ಎಷ್ಟೋ ಸಲ ಆಣೆ ಹಾಕಿದ್ದೆ. ಅವನು ತಲೆ ತಗ್ಗಿಸಿ, “ನಾ ಹೋಗೂದಿಲ್ರಿ. ಹೋಗಾಕ ಜಾಗ ಇಲ್ಲ,” ಎಂದು ಇಳಿದು ಹೋದ. ನಾನು ದನಿಯನ್ನೂ ಕಳೆದುಕೊಂಡೆ, ಮನೆಯನ್ನೂ ಪಡೆಯಲಿಲ್ಲ. ಠರಾವು ಮಾಡಿದವರ ಮನೆ ಹಾಳಾಗಲಿ ಎಂದು ಬಯ್ಯಲು ಹೋದರೆ ಅದಕ್ಕೂ ಬಾಯಿ ಇರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿಗೆ ಹೋದೆ. ಮೌಲಾಸಾಬರು ನನ್ನ ಮುಖ ನೋಡಿಯೇ ತಿಳಿದು, “ಅಂದೇಬಿಟ್ಟೀಯೇನವ್ವಾ!” ಎಂದು ಹಣೆ ಬಡಿದುಕೊಂಡರು. ಕೆಲಸದಿಂದ ತೆಗೆಯಲಿಲ್ಲ, ವಿಚಾರಣೆ ಕಿಟಕಿಯಲ್ಲಿ ಕೂರಿಸಿ ಪಾಟಿ ಬಳಪ ಕೊಟ್ಟರು. ಮೈಕಿಗೆ ಅವರೇ ಕೂತರು. ಅವರಿಗೆ ಹಲ್ಲಿಲ್ಲ. ಮೊದಲ ವಾರವೇ ಒಂದು ಮದುವೆಯ ದಿಬ್ಬಣ ಬೇರೆ ಊರಿಗೆ ಹೋಗಿ, ಅಲ್ಲಿ ಯಾರದೋ ಮದುವೆಯಲ್ಲಿ ಊಟ ಮಾಡಿ ಬಂತು. ಜನ ನನ್ನ ಕಿಟಕಿಗೆ ಬಂದು ಜೋರಾಗಿ ಮಾತಾಡುತ್ತಿದ್ದರು, ದನಿ ಹೋದವಳಿಗೆ ಕಿವಿಯೂ ಹೋಗಿದೆ ಎಂಬಂತೆ. ಬೀದಿಯಲ್ಲಿ ಬಾಡಿಗೆದಾರರು ನನ್ನನ್ನು ಕಂಡರೆ ಮುಖ ಬಿಗಿಯುತ್ತಿದ್ದರು. ಮಾಲೀಕರು ವೀರನನ್ನು ಕಂಡಂತೆ ಕೈಮುಗಿದು, ತಾವು ಮಾತ್ರ ಬಾಯಿ ಹುಷಾರಾಗಿ ಇಟ್ಟುಕೊಂಡು ಮುಂದೆ ಹೋಗುತ್ತಿದ್ದರು.

ಮನೆಯಲ್ಲಿ ಅಕ್ಕ ಇಬ್ಬರ ಪಾಲಿನದೂ ಮಾತಾಡಿದಳು. “ನನ್ನ ಕೇಳಿದ್ದಿಯೇನ? ನಾ ಅಂತಿದ್ದೆ ಆ ಮಾತು. ನನಗೇನು ಮೈಕ್ ಐತೇನು, ನೌಕರಿ ಐತೇನು?” ಎಂದು ದಿನವೂ ಬಯ್ದಳು. ಒಂದು ದಿನ ಬಯ್ಯುತ್ತ ಬಯ್ಯುತ್ತ ಅತ್ತಳು. “ನೀ ಕೂಗೂದು ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಕೇಳತಿತ್ತು. ಅದನ್ನ ಕೇಳ್ಕೋತ ಮಧ್ಯಾಹ್ನ ಕಳೀತಿದ್ದೆ. ಈಗ ಆ ಹಲ್ಲಿಲ್ಲದ ಮೌಲಾ ಏನಂತಾನೋ ಶಿವನಿಗೂ ತಿಳೀವಲ್ದು.” ಇದು ನನಗೆ ಗೊತ್ತಿರಲಿಲ್ಲ. ನಾನು ಒಂದು ವರ್ಷ ಪ್ರಯಾಣಿಕರಿಗೆ ಎಂದು ಕೂಗಿದ್ದನ್ನು ಅಕ್ಕ ತನಗೆ ಎಂದು ಕೇಳಿಸಿಕೊಂಡಿದ್ದಳು.

ಕೆಳಗಿನ ಮನೆಯಲ್ಲಿ ಬ್ಯಾಂಡಿನ ತಾಲೀಮು ನಿಂತುಹೋಗಿತ್ತು. ಮುಂದೆ ಎಲ್ಲಿ ನುಡಿಸುತ್ತಿದ್ದರೋ ಗೊತ್ತಿಲ್ಲ. ಪಂಪಣ್ಣನ ಬದಲು ಬಾಡಿಗೆ ನೀಲಗಂಗವ್ವ ತರುತ್ತಿದ್ದಳು. ಎರಡನೆಯ ತಿಂಗಳು ಬಂದವಳು ಬಾಡಿಗೆ ಕೊಟ್ಟ ಮೇಲೂ ಹೋಗಲಿಲ್ಲ. ಬಾಲ್ಕನಿಯ ಅಗಲಕ್ಕೆ ಸೆರಗು ಹಿಡಿದು ಅಳೆದಳು. ನನ್ನ ಕೋಣೆಯ ಬಾಗಿಲು ಅಳೆದಳು. ಆಮೇಲೆ ನೆಲದ ಮೇಲೆ ಕೂತು, “ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ,” ಎಂದಳು. “ನಮ್ಮ ಮನ್ಯಾಗ ಬೀದಿ ಕಡಿ ಖೋಲಿ ಐತಲ್ಲ, ಅದರಾಗ ಮನಷ್ಯಾರು ಯಾರೂ ಮಲಗೂದಿಲ್ಲ. ಡ್ರಮ್ಮು ತುತ್ತೂರಿ ಮಲಗತಾವ. ಅವು ಮ್ಯಾಲ ಬರಲಿ, ದಾನಮ್ಮಾರು ಕೆಳಗ ಬರಲಿ. ಮನಿ ಬಿಡಾಂಗಿಲ್ಲ ನಾವು. ಖೋಲಿ ಬಿಡ್ತೀವಿ.”

ನನ್ನ ಮನೆಯ ಒಂದು ಕೋಣೆಯನ್ನು ನನಗೇ ದಾನ ಕೊಡಲು ಬಂದಿದ್ದಳು! ನಾನು ಪಾಟಿ ಎತ್ತಿಕೊಂಡು, ‘ಮೂರು ಕೋಣೆಯೂ ನನ್ನವೇ’ ಎಂದು ಬರೆದೆ. ನೀಲಗಂಗವ್ವನಿಗೆ ಓದಲು ಬರುವುದಿಲ್ಲ. ಅಕ್ಕನ ಕಡೆ ಹಿಡಿದೆ. ಅಕ್ಕ ಓದಿಕೊಂಡು, “ಭಾಳ ಸಂತೋಷ ಆತು ಅಂತ ಬರದಾಳ,” ಎಂದಳು.

ಡ್ರಮ್ಮು ಸುತ್ತುಮೆಟ್ಟಿಲಿನಲ್ಲಿ ಹತ್ತುವುದಿಲ್ಲ, ಅಕ್ಕ ಇಳಿಯುವುದಿಲ್ಲ. ಯಮನೂರಿ ಹಾಳುಬಾವಿಯ ರಾಟೆ ಬಿಚ್ಚಿ ತಂದು ಬಾಲ್ಕನಿಯ ಮೇಲಿನ ತೊಲೆಗೆ ಕಟ್ಟಿದ. ಹಗ್ಗದ ಒಂದು ತುದಿಗೆ ಕುರ್ಚಿ, ಅದರಲ್ಲಿ ಅಕ್ಕ. ಇನ್ನೊಂದು ತುದಿಗೆ ಡ್ರಮ್ಮು. ಅಕ್ಕನ ತೂಕ ಎಷ್ಟು ಎಂದು ಪಂಪಣ್ಣ ಕೇಳಿದ. ಅದನ್ನು ಕೇಳಲು ಅವನಾರು ಎಂದು ಅಕ್ಕ ಕೇಳಿದಳು. ಹಾಗಾಗಿ ಅಂದಾಜಿನ ಮೇಲೆ ಡ್ರಮ್ಮಿಗೆ ಎರಡು ಸಣ್ಣ ಡ್ರಮ್ಮು, ನಾಲ್ಕು ತುತ್ತೂರಿ, ಕೆಂಪು ಅಂಗಿಗಳ ಟ್ರಂಕು ಕಟ್ಟಿದರು. ಭಾನುವಾರ ಹತ್ತು ಗಂಟೆ, ಇಡೀ ಬೀದಿ ನೆರೆದಿತ್ತು. ಕುರ್ಚಿ ಬಾಲ್ಕನಿ ಬಿಟ್ಟಿತು. ಡ್ರಮ್ಮು ಮೇಲೆದ್ದಿತು. ಅರ್ಧ ದಾರಿಯಲ್ಲಿ ಎರಡೂ ಎದುರುಬದುರಾಗಿ ನಿಂತವು. ಟ್ರಂಕು ಹೆಚ್ಚಾಗಿತ್ತು. ಅಕ್ಕ ಗಾಳಿಯಲ್ಲಿ ತೂಗಾಡುತ್ತ ಸುತ್ತ ನೋಡಿದಳು. ಹದಿನಾಲ್ಕು ತಿಂಗಳಿಂದ ಇಷ್ಟು ಜನ ಒಟ್ಟಿಗೆ ಕೈಗೆ ಸಿಕ್ಕಿರಲಿಲ್ಲ. ಅವಸರ ಮಾಡಲಿಲ್ಲ. ಆ ಗುರುವಾರ ಕೂಗು ಕೇಳಿಯೂ ಮಲಗಿದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು, ಅವರ ಮನೆಯ ಅಟ್ಟದಿಂದ ಬಚ್ಚಲಿನವರೆಗೆ ಬಯ್ದಳು. ಸೊಪ್ಪಿನವಳ ಹಳೆಯ ಬಾಕಿ ಜಗಳವನ್ನೂ ಅಲ್ಲೇ ತೀರಿಸಿದಳು. ಕೆಳಗೆ ನಿಂತವರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ರೇವಡಿ ಮಾಸ್ತರರು ಕುರ್ಚಿಯ ಕಾಲು ಹಿಡಿದು ಜೋತುಬಿದ್ದರು. ಅಕ್ಕ ಇಳಿದಳು. ಕಾಲು ನೆಲಕ್ಕೆ ತಾಗಿದಾಗ ಬಯ್ಗುಳ ಅರ್ಧಕ್ಕೆ ನಿಂತಿತು. ಹೆಬ್ಬೆರಳಿನಿಂದ ಮಣ್ಣು ಕೆದಕಿ ನೋಡಿ, “ಧೂಳು ಭಾಳ ಆಗೇದ, ನೀರು ಹೊಡೀರಿ,” ಎಂದಳು.

ಅಂದಿನಿಂದ ಅಕ್ಕ ಬೀದಿ ಕಡೆಯ ಕೋಣೆಯಲ್ಲಿ ಮಲಗುತ್ತಾಳೆ, ಕೋಲು ಹಿಡಿದು ಸಂತೆಗೆ ಹೋಗುತ್ತಾಳೆ. ನಾನು ಮೇಲಿನ ಒಂದೇ ಕೋಣೆಯಲ್ಲಿ ದೊಡ್ಡ ಡ್ರಮ್ಮಿನ ಪಕ್ಕ ಮಲಗುತ್ತೇನೆ. ಹೊರಳಿದರೆ ಮೊಣಕೈ ತಾಗಿ ಢಮ್ ಎನ್ನುತ್ತದೆ. ಕೆಳಗಿನಿಂದ ಅಕ್ಕ, “ಮಲಗ ಸುಮ್ನ” ಎನ್ನುತ್ತಾಳೆ. ಮದುವೆ ಇದ್ದ ದಿನ ಬ್ಯಾಂಡಿನವರು ಬೆಳಗಿನ ಆರಕ್ಕೆ ನನ್ನ ಕೋಣೆಗೇ ಬಂದು ವಾದ್ಯ ಒಯ್ಯುತ್ತಾರೆ. ಸಣ್ಣವು ಮೆಟ್ಟಿಲಿನಿಂದ, ದೊಡ್ಡದು ರಾಟೆಯಿಂದ. ಮನೆ ಯಾರದು ಎಂದು ಯಾರಾದರೂ ಕೇಳಿದರೆ ಈಗ ನನಗೆ ಒಂದು ಕ್ಷಣ ಬೇಕಾಗುತ್ತದೆ. ಕಾಗದಪತ್ರ ನನ್ನ ಹೆಸರಿನಲ್ಲಿದೆ. ನಾನು ಅದನ್ನು ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ.

ಮೂಕಳಾಗಿ ಒಂದು ವರ್ಷ ತುಂಬುವುದು ಹತ್ತಿರ ಬಂದಂತೆ ಮನೆಯಲ್ಲಿ ಎಲ್ಲರಿಗೂ ಇರುಸುಮುರುಸು. ದನಿ ಬಂದ ಮೇಲೆ ಆ ಮಾತು ಮತ್ತೆ ಆಡುತ್ತೇನೋ ಎಂದು ಪಂಪಣ್ಣನಿಗೆ ಭಯ. ಆಡುವುದೋ ಬೇಡವೋ ಎಂದು ನನಗೂ ತಿಳಿದಿರಲಿಲ್ಲ. ಕೋಣೆ ಕೊಟ್ಟರು ಎಂದು ಉಳಿದ ಎರಡು ಕೋಣೆ ಬಿಟ್ಟುಕೊಡಬೇಕೇ? ಎರಡು ಕೋಣೆಗಾಗಿ ಆರು ಜನರನ್ನು ಬಾವಲಿಗಳ ಕಡೆ ಕಳಿಸಬೇಕೇ? ಮನಸ್ಸಿನಲ್ಲೇ ಒಂದು ದೊಡ್ಡ ಭಾಷಣ ತಯಾರು ಮಾಡಿದೆ. ಹಕ್ಕು, ನ್ಯಾಯ, ನನ್ನ ಹತ್ತೊಂಬತ್ತು ವರ್ಷ, ಪುರಸಭೆ, ಎಲ್ಲ ಅದರಲ್ಲಿತ್ತು. ರಾತ್ರಿ ರಾತ್ರಿ ತಿದ್ದಿ, ಗಂಟಲು ತುಂಬ ಕಟ್ಟಿಟ್ಟುಕೊಂಡೆ. ವರ್ಷ ತುಂಬಿದ ದಿನ ಶುಕ್ರವಾರ, ಮದುವೆಯ ಮುಹೂರ್ತ. ಬೆಳಗ್ಗೆ ಬಾಗಿಲು ಬಡಿದರು. ಚಿಲಕ ತೆಗೆದೆ. ಹಿಂದಿನ ದಿನವಷ್ಟೇ ನಾನು ಮೊಣಕಾಲೂರಿ ಸಾರಿಸಿದ್ದ ನೆಲದ ಮೇಲೆ ಯಮನೂರಿ ಕೆಸರು ಮೆತ್ತಿದ ಬೂಟುಗಾಲು ಇಟ್ಟ. ಅವನ ಹಿಂದೆ ಆರು ಜನ, ಹನ್ನೆರಡು ಬೂಟು.

“ಬೂಟು ಹೊರಗೆ ಬಿಡ್ರೋ!” ಎಂದೆ.

ನಾಲ್ಕು ಪ್ಲಾಟ್‌ಫಾರಂ ದಾಟುವ ದನಿ. ಯಮನೂರಿಯ ಒಂದು ಕಾಲು ಗಾಳಿಯಲ್ಲೇ ನಿಂತಿತು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ನೀಲಗಂಗವ್ವನ ಕೈ ನಿಂತದ್ದು ಗೊತ್ತಾಯಿತು. ಪಂಪಣ್ಣ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು, ಮುಂದಿನ ಮಾತೇನು ಎಂದು ಮುಖ ಮೇಲೆತ್ತಿ ಕಾಯುತ್ತಿದ್ದ. ನಾನು ಕಟ್ಟಿಟ್ಟ ಭಾಷಣವನ್ನು ಗಂಟಲಿನಲ್ಲಿ ಹುಡುಕಿದೆ. ಅಷ್ಟರಲ್ಲಿ ಒಬ್ಬೊಬ್ಬರೇ ಬಗ್ಗಿ ಲೇಸು ಬಿಚ್ಚತೊಡಗಿದರು. ಹದಿನಾಲ್ಕು ಬೂಟು ಬಾಲ್ಕನಿಯ ಗೋಡೆಗೆ ಸಾಲಾಗಿ ನಿಂತವು. ಪಂಪಣ್ಣನೂ ಮೇಲೆ ಬಂದ, ತನ್ನ ಚಪ್ಪಲಿಯನ್ನು ಆ ಸಾಲಿನ ಕೊನೆಗೆ ಬಿಟ್ಟ, ಹೊಸ್ತಿಲ ಹೊರಗೆ ನಿಂತು ಕೇಳಿದ:

“ಒಳಗ ಬರ್ಲೇನ್ರೀ ಅಕ್ಕಾರ?”

ಹನ್ನೊಂದು ವರ್ಷ ನನ್ನ ಊರಿನಲ್ಲಿ ಮಾಲೀಕರನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಸ್ವಲ್ಪ ಹೊತ್ತು ಅವನನ್ನು ಅಲ್ಲೇ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ನಿಧಾನವಾಗಿ “ಬಾ” ಎಂದೆ.